ಎಣ್ಣೆಯ ದೋಷವೋ, ವಿದ್ಯುತ್ತಿನ ದೋಷವೋ: ಎಕ್ಸ್‌ಕವೇಟರ್ ಹೈಡ್ರಾಲಿಕ್ ನಿಯಂತ್ರಣದ ತಪಾಸಣೆ

ಮಂಡ್ಯದಲ್ಲಿ ಯಂತ್ರಗಳ ಮಾಲೀಕರು, ಆಪರೇಟರುಗಳು, ಮೆಕ್ಯಾನಿಕ್‌ಗಳು ಹಾಗೂ ಐಟಿಐ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದು, ಕೊನೆಯಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನು ಸೇರಿಸಿಕೊಳ್ಳಲಾಗಿದೆ.

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ. ನಾಲೆಗೆ ನೀರು ನಿಲ್ಲಿಸಿರುವ ಅವಧಿಯೊಳಗೆ ಹೂಳೆತ್ತುವ ಕೆಲಸ ಮುಗಿಯಬೇಕಾಗಿರುವಾಗ ಯಂತ್ರವೊಂದು ಏರಿಯ ಮೇಲೆ ಕೈಕೊಟ್ಟು ನಿಂತರೆ ಏನಾಗುತ್ತದೆ ಎಂಬುದನ್ನು ವಿಶ್ವೇಶ್ವರಯ್ಯ ನಾಲೆಯ ಬಯಲಿನವರಾದ ತಮಗೆ ನಾನು ವಿವರಿಸಬೇಕಾಗಿಲ್ಲ. ಗಂಟೆ ಲೆಕ್ಕದ ಬಾಡಿಗೆ ನಿಲ್ಲುತ್ತದೆ, ಟಿಪ್ಪರುಗಳು ಸಾಲುಗಟ್ಟಿ ಕಾಯುತ್ತವೆ, ಕಂಟ್ರಾಕ್ಟರರ ಫೋನು ಮೇಲಿಂದ ಮೇಲೆ ಬರುತ್ತದೆ. ಆ ಆತುರದಲ್ಲಿ ಎಲ್ಲಕ್ಕಿಂತ ಮೊದಲು ನಡೆಯುವುದು ಅಳತೆಯಲ್ಲ, ಬಿಡಿಭಾಗಗಳ ಬದಲಾವಣೆ. ಪಂಪನ್ನೇ ಬಿಚ್ಚಿ ಊರಿಂದಾಚೆ ಕಳುಹಿಸಿ, ಅದರಲ್ಲಿ ಏನೂ ತೊಂದರೆಯಿಲ್ಲವೆಂದು ವಾಪಸು ಬಂದ ಮೇಲೆ, ಕನೆಕ್ಟರಿನ ಒಂದು ಪಿನ್ನಿಗೆ ಕಿಲುಬು ಹಿಡಿದಿದ್ದದ್ದು ಕಣ್ಣಿಗೆ ಬಿದ್ದ ಪ್ರಸಂಗಗಳನ್ನು ಇಲ್ಲಿರುವ ಅನೇಕರು ಬಲ್ಲಿರಿ. ಆದ್ದರಿಂದ ಇಂದಿನ ನನ್ನ ಮಾತು ಒಂದೇ ವಿಷಯದ ಸುತ್ತ ಇರುತ್ತದೆ: ವಿದ್ಯುತ್ತಿನ ಕೆಲಸ ಮುಗಿದು ಎಣ್ಣೆಯ ಕೆಲಸ ಆರಂಭವಾಗುವ ಗಡಿ ಎಲ್ಲಿದೆ, ಮತ್ತು ಆ ಗಡಿಯಲ್ಲಿ ನಿಂತು, ಪ್ರವಾಹ ಹರಿಯುತ್ತಿರುವಾಗಲೇ, ಅಳೆಯುವುದು ಹೇಗೆ.

ಮೊದಲು ಯಂತ್ರದ ರಚನೆಯನ್ನು ಬೇಗನೆ ನೋಡಿಬಿಡೋಣ. ತಯಾರಿಸಿದ ಕಂಪನಿ ಯಾವುದೇ ಇದ್ದರೂ ನಮ್ಮ ಕಡೆ ಹಿಟಾಚಿ ಎಂದೇ ಕರೆಸಿಕೊಳ್ಳುವ 20 ಟನ್ ದರ್ಜೆಯ ಯಂತ್ರದಲ್ಲಿ ಸಾಮಾನ್ಯವಾಗಿ ಎರಡು ದೊಡ್ಡ ಪಿಸ್ಟನ್ ಪಂಪುಗಳಿರುತ್ತವೆ, ಅವುಗಳ ಜೊತೆಗೆ ಒಂದು ಸಣ್ಣ ಗೇರ್ ಪಂಪು. ದೊಡ್ಡ ಪಂಪುಗಳು ಸುಮಾರು 350 ಬಾರ್ ಒತ್ತಡದವರೆಗೆ ಎಣ್ಣೆಯನ್ನು ತಳ್ಳಿ ಬೂಮ್, ಆರ್ಮ್, ಬಕೆಟ್, ಸ್ವಿಂಗ್ ಹಾಗೂ ಟ್ರ್ಯಾಕುಗಳಿಗೆ ಶಕ್ತಿ ಕೊಡುತ್ತವೆ. ಸಣ್ಣ ಪಂಪು ಸುಮಾರು 40 ಬಾರ್ ಒತ್ತಡದ ಪೈಲಟ್ ಎಣ್ಣೆಯನ್ನು ಒದಗಿಸುತ್ತದೆ. ಆಪರೇಟರು ಲಿವರ್ ಎಳೆದಾಗ ಈ ಪೈಲಟ್ ಎಣ್ಣೆ ಕಂಟ್ರೋಲ್ ವಾಲ್ವಿನ ಸ್ಪೂಲನ್ನು, ಅಂದರೆ ಅದರೊಳಗೆ ಜಾರುವ ದಂಡವನ್ನು, ಸರಿಸುತ್ತದೆ, ಸ್ಪೂಲ್ ಸರಿದಾಗ ದೊಡ್ಡ ಪಂಪಿನ ಎಣ್ಣೆ ಸಿಲಿಂಡರಿಗೆ ಹೋಗುತ್ತದೆ. ಇಷ್ಟರವರೆಗೆ ವಿದ್ಯುತ್ತಿನ ಪ್ರಸ್ತಾಪವೇ ಇಲ್ಲ. ವಿದ್ಯುತ್ತು ಬರುವುದು ಮುಖ್ಯವಾಗಿ ಮೂರು ಕಡೆ. ಅದರಲ್ಲಿ ಸೊಲೆನಾಯ್ಡ್ ಎಂದರೆ ಪ್ರವಾಹ ಹರಿದಾಗ ಅಯಸ್ಕಾಂತವಾಗಿ ವಾಲ್ವನ್ನು ಸರಿಸುವ ತಂತಿಯ ಸುರುಳಿ, ಪ್ರೊಪೋರ್ಷನಲ್ ಎಂದರೆ ಪ್ರವಾಹದ ಪ್ರಮಾಣಕ್ಕೆ ತಕ್ಕಷ್ಟೇ ಸರಿಯುವಂಥದ್ದು. ಎಂಜಿನ್ನಿನ ಶಕ್ತಿಗೆ ತಕ್ಕಂತೆ ಪಂಪು ಎಷ್ಟು ಎಣ್ಣೆ ಕೊಡಬೇಕೆಂದು ನಿರ್ಧರಿಸುವ ಪ್ರೊಪೋರ್ಷನಲ್ ಸೊಲೆನಾಯ್ಡ್ ವಾಲ್ವು ಒಂದು. ಸೇಫ್ಟಿ ಲಾಕ್ (ಲಿವರುಗಳಿಗೆ ಪೈಲಟ್ ಎಣ್ಣೆ ಹೋಗದಂತೆ ತಡೆಯುವ ಬೀಗ), ಸ್ವಿಂಗ್ ಬ್ರೇಕು, ಟ್ರ್ಯಾಕಿನ ವೇಗ ಮುಂತಾದವನ್ನು ತೆರೆದು ಮುಚ್ಚುವ ಸಾಧಾರಣ ಸೊಲೆನಾಯ್ಡುಗಳು ಇನ್ನೊಂದು. ಇವೆಲ್ಲಕ್ಕೂ ಮಾಹಿತಿ ಒದಗಿಸುವ ಒತ್ತಡದ, ವೇಗದ, ಉಷ್ಣತೆಯ ಸೆನ್ಸರುಗಳು ಮತ್ತೊಂದು. ಲಿವರೇ ಎಲೆಕ್ಟ್ರಾನಿಕ್ ಆಗಿರುವ ಹೊಸ ಯಂತ್ರಗಳಲ್ಲಿ ಸ್ಪೂಲನ್ನು ಸರಿಸುವ ಕೆಲಸಕ್ಕೂ ಸೊಲೆನಾಯ್ಡೇ ಬೇಕಾಗುತ್ತದೆ, ಆದರೆ ತಪಾಸಣೆಯ ತತ್ತ್ವ ಅಲ್ಲಿಯೂ ಇದೇ.

ದೂರನ್ನು ಸರಿಯಾಗಿ ಕೇಳಿಸಿಕೊಂಡರೆ ಅರ್ಧ ದಾರಿ ಸವೆದಂತೆಯೇ. ಎಂಜಿನ್ ಚೆನ್ನಾಗಿ ಓಡುತ್ತಿದೆ, ಆದರೆ ಯಾವ ಲಿವರಿಗೂ ಏನೂ ಅಲುಗಾಡುವುದಿಲ್ಲ ಎಂದಾದರೆ ದೊಡ್ಡ ಪಂಪುಗಳೆರಡೂ ಒಟ್ಟಿಗೆ ಕೆಟ್ಟಿವೆ ಎಂದು ಭಾವಿಸುವುದಕ್ಕೆ ಕಾರಣವಿಲ್ಲ. ಪೈಲಟ್ ಎಣ್ಣೆಯೇ ಬರುತ್ತಿಲ್ಲವೆಂದು ಮೊದಲು ಶಂಕಿಸಬೇಕು, ಅದರಲ್ಲಿಯೂ ಸೇಫ್ಟಿ ಲಾಕಿನ ಸೊಲೆನಾಯ್ಡು, ಅದರ ಫ್ಯೂಸು ಮತ್ತು ಲಾಕ್ ಲಿವರಿನ ಬುಡದಲ್ಲಿರುವ ಸ್ವಿಚ್ಚನ್ನು ನೋಡಬೇಕು. ಆಪರೇಟರು ದಿನಕ್ಕೆ ಹತ್ತಾರು ಬಾರಿ ಎತ್ತಿ ಇಳಿಸುವ ಆ ಲಿವರಿನ ಸ್ವಿಚ್ಚಿಗೆ ಧೂಳು, ಕೆಸರು ತಾಗುವಷ್ಟು ಬೇರೆ ಯಾವುದಕ್ಕೂ ತಾಗುವುದಿಲ್ಲ. ಒಂದು ಕೆಲಸ ಮಾತ್ರ ನಿಧಾನ, ಉಳಿದೆಲ್ಲ ಸರಿ ಎಂದಾದರೆ ದೋಷ ಆ ಒಂದು ಕೆಲಸದ ದಾರಿಯಲ್ಲಿದೆ, ಅದು ಬಹುತೇಕ ಎಣ್ಣೆಯ ಕಡೆಯದು. ಎಲ್ಲ ಕೆಲಸಗಳೂ ನಿಧಾನವಾಗಿವೆ, ಅಥವಾ ಲೋಡ್ ಬಿದ್ದ ಕೂಡಲೇ ಎಂಜಿನ್ ಕೂತುಬಿಡುತ್ತದೆ ಎಂಬ ದೂರು ಬಂದಾಗ ಮಾತ್ರ ಪಂಪಿನ ನಿಯಂತ್ರಣಕ್ಕೆ, ಅಂದರೆ ಆ ಪ್ರೊಪೋರ್ಷನಲ್ ವಾಲ್ವಿನ ಬಳಿಗೆ ಹೋಗಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಲವು ಯಂತ್ರಗಳಲ್ಲಿ ಈ ವಾಲ್ವಿಗೆ ಪ್ರವಾಹ ಹೆಚ್ಚಿದಷ್ಟೂ ಪಂಪು ಕೊಡುವ ಎಣ್ಣೆ ಕಡಿಮೆಯಾಗುತ್ತದೆ. ಬೇರೆ ಕೆಲವುಗಳಲ್ಲಿ ಪ್ರವಾಹ ಹೆಚ್ಚಿದಷ್ಟೂ ಎಣ್ಣೆ ಹೆಚ್ಚುತ್ತದೆ. ಹೀಗಾಗಿ ಅದೇ ತಂತಿ ತುಂಡಾದಾಗ ಒಂದು ಯಂತ್ರದಲ್ಲಿ ಪಂಪು ಎಂಜಿನ್ನಿಗೆ ತಡೆಯಲಾರದಷ್ಟು ಭಾರ ಹೇರಿ ಅದನ್ನು ನಿಲ್ಲಿಸಿಬಿಡುತ್ತದೆ, ಇನ್ನೊಂದರಲ್ಲಿ ಎಂಜಿನ್ ನಿರಾಳವಾಗಿ ಓಡುತ್ತಿದ್ದರೂ ಬೂಮ್ ಮೇಲೇಳುವುದೇ ಇಲ್ಲ. ಪಕ್ಕದ ಸೈಟಿನ ಯಂತ್ರದಲ್ಲಿ ಹೀಗಾಗಿತ್ತು, ಇದರಲ್ಲಿಯೂ ಅದೇ ಇರಬೇಕು ಎಂಬ ತರ್ಕ ಸೋಲುವುದು ಇಲ್ಲಿಯೇ. ಯಂತ್ರದ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಆ ವಾಲ್ವಿನ ಪ್ರವಾಹ ಮತ್ತು ಒತ್ತಡದ ಕೋಷ್ಟಕ ಇರುತ್ತದೆ; ಅದನ್ನು ನೋಡದೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವುದು ತರವಲ್ಲ.

ಈಗ ಆ ಗಡಿಯ ವಿಷಯ. ಸೊಲೆನಾಯ್ಡಿನ ಸುರುಳಿಗೆ ಬರುವುದು ಪ್ರವಾಹ. ಅದೇ ವಾಲ್ವಿನಿಂದ ಹೊರಡುವುದು ಒತ್ತಡ. ಸುರುಳಿಗೆ ಬರುವ ಪ್ರವಾಹವನ್ನು ಮೀಟರಿನಿಂದಲೂ ಹೊರಡುವ ಒತ್ತಡವನ್ನು ಸುಮಾರು 60 ಬಾರ್ ಅಳೆಯಬಲ್ಲ ಗೇಜಿನಿಂದಲೂ ಒಟ್ಟಿಗೆ ನೋಡಿದರೆ, ಎಷ್ಟೇ ಗೊಂದಲದ ದೋಷವೂ ಒಂದು ಕಡೆಗೆ ಸರಿಯಲೇಬೇಕು. ಪ್ರವಾಹ ಮ್ಯಾನ್ಯುಯಲ್ ಹೇಳಿದಷ್ಟೇ ಇದ್ದು ಒತ್ತಡ ಅದಕ್ಕೆ ಹೊಂದದಿದ್ದರೆ ವೈರಿಂಗು, ಕಂಟ್ರೋಲರು (ಸೊಲೆನಾಯ್ಡಿಗೆ ಪ್ರವಾಹ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ), ಸೆನ್ಸರು ಯಾವುದನ್ನೂ ಮುಟ್ಟಬೇಕಾಗಿಲ್ಲ; ಸಿಕ್ಕಿಕೊಂಡ ಸ್ಪೂಲನ್ನು, ಕಟ್ಟಿಕೊಂಡ ಪೈಲಟ್ ಫಿಲ್ಟರನ್ನು, ಸವೆದ ಪೈಲಟ್ ಪಂಪನ್ನು ಹುಡುಕಬೇಕು. ಪ್ರವಾಹವೇ ತಪ್ಪಾಗಿದ್ದರೆ ಎಣ್ಣೆಯ ಒಂದು ನಟ್ಟನ್ನೂ ಸಡಿಲಿಸಬೇಕಾಗಿಲ್ಲ. ಗೇಜು ಜೋಡಿಸುವ ಮೊದಲು ಬಕೆಟನ್ನು ನೆಲಕ್ಕೂರಿ, ಎಂಜಿನ್ ನಿಲ್ಲಿಸಿ, ಕೀ ಆನ್ ಇಟ್ಟು, ಸೇಫ್ಟಿ ಲಾಕ್ ಬಿಡಿಸಿ ಲಿವರುಗಳನ್ನು ಎಲ್ಲ ದಿಕ್ಕಿಗೂ ಹಲವು ಸಲ ಆಡಿಸಿ ಉಳಿದ ಒತ್ತಡವನ್ನು ಬಿಡಿಸಲೇಬೇಕು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆಯೂ ಚರ್ಮವನ್ನು ಭೇದಿಸಿ ಒಳಸೇರುತ್ತದೆ, ಹಾಗೆ ಸೇರಿದರೆ ಅದು ತಕ್ಷಣ ಶಸ್ತ್ರಚಿಕಿತ್ಸೆ ಬೇಕಾಗುವ ಗಾಯ.

ಪ್ರವಾಹವನ್ನು ಅಳೆಯುವುದೆಂದರೆ ಮೀಟರನ್ನು ದಾರಿಯ ನಡುವೆ ಸರಣಿಯಲ್ಲಿ ಸೇರಿಸಬೇಕು. ಹಳೆಯ ಹಾರ್ನೆಸ್ಸಿನಿಂದ, ಅಂದರೆ ತಂತಿಗಳ ಕಟ್ಟಿನಿಂದ, ಅದೇ ಜಾತಿಯ ಗಂಡು ಮತ್ತು ಹೆಣ್ಣು ಕನೆಕ್ಟರುಗಳನ್ನು ಕತ್ತರಿಸಿಟ್ಟುಕೊಂಡು, ನಡುವೆ ಒಂದು ತಂತಿಯನ್ನು ಮಾತ್ರ ಹೊರಗೆಳೆದ ಪರೀಕ್ಷಾ ಲೀಡನ್ನು ಪ್ರತಿಯೊಬ್ಬ ಎಲೆಕ್ಟ್ರೀಷಿಯನ್ನರೂ ತಯಾರಿಸಿಟ್ಟುಕೊಳ್ಳಬಹುದು. ಇದಕ್ಕೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಇದಿಲ್ಲದೆ ಮೀಟರಿನ ದಪ್ಪ ಮೊನೆಯನ್ನು ಕನೆಕ್ಟರಿನ ಹೆಣ್ಣು ಟರ್ಮಿನಲ್ಲಿಗೆ ತುರುಕಿದರೆ ಅದು ಅಗಲವಾಗಿ, ಆಮೇಲೆ ಪಿನ್ನನ್ನು ಬಿಗಿಯಾಗಿ ಹಿಡಿಯುವುದಿಲ್ಲ. ತಪಾಸಣೆಯೇ ಹೊಸ ದೋಷವೊಂದನ್ನು ಹುಟ್ಟಿಸಿ ಹೋಗುತ್ತದೆ. ಆಂಪಿಯರ್ ಅಳೆದ ಮೇಲೆ ಕೆಂಪು ಲೀಡನ್ನು ವೋಲ್ಟಿನ ರಂಧ್ರಕ್ಕೆ ವಾಪಸು ಹಾಕಲು ಮರೆಯಬಾರದೆಂದು ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹೇಳುತ್ತೇನೆ, ಏಕೆಂದರೆ ಹಾಗೆಯೇ ಬ್ಯಾಟರಿಯ ಎರಡು ತುದಿಗೆ ಮುಟ್ಟಿಸಿದರೆ ಅದು ನೇರ ಶಾರ್ಟ್.

ಇನ್ನು ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಕನೆಕ್ಟರು ಕಳಚಿ, ಮೀಟರಿಟ್ಟು, “24 ವೋಲ್ಟ್ ಬರ್ತಾ ಇದೆ ಸಾರ್, ವೈರಿಂಗ್ ಓಕೆ, ಸೊಲೆನಾಯ್ಡೇ ಹೋಗಿದೆ” ಎಂದು ತೀರ್ಪು ಕೊಡುವುದನ್ನು ನಾವು ದಿನವೂ ಕೇಳುತ್ತೇವೆ. ಈ ತೀರ್ಪಿಗೆ ಆಧಾರವಿಲ್ಲ. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾ ಓಮ್. ಅದರ ಮೂಲಕ ಹರಿಯುವ ಪ್ರವಾಹ ಮೈಕ್ರೋ ಆಂಪಿಯರಿನ ಲೆಕ್ಕದ್ದು. ಒಂದೇ ಎಳೆ ಉಳಿದಿರುವ ತಂತಿಯೂ ಕಿಲುಬು ಹಿಡಿದ ಪಿನ್ನೂ ಅಷ್ಟನ್ನು ಸಾಗಿಸಬಲ್ಲವು, ಆದ್ದರಿಂದ ಮೀಟರು ಪೂರ್ಣ 24 ವೋಲ್ಟನ್ನೇ ತೋರಿಸುತ್ತದೆ. ನಾಲೆಯ ತೂಬಿನಲ್ಲಿ ಕಸ ಕಟ್ಟಿಕೊಂಡಿದ್ದರೂ ಆಚೆಯ ಗೇಟು ಮುಚ್ಚಿ ನೀರು ನಿಂತಿರುವಾಗ ಎರಡೂ ಕಡೆಯ ಮಟ್ಟ ಒಂದೇ ಇರುತ್ತದೆ, ಗೇಟು ತೆರೆದು ಹರಿಯಲು ಬಿಟ್ಟಾಗಲಷ್ಟೇ ಆಚೆಯ ಮಟ್ಟ ಕುಸಿದು ಅಡ್ಡಿ ಗೊತ್ತಾಗುತ್ತದೆ, ಇದೂ ಹಾಗೆಯೇ.

ಲೆಕ್ಕ ಹಾಕಿ ನೋಡೋಣ. ಸೇಫ್ಟಿ ಲಾಕಿನ ಸೊಲೆನಾಯ್ಡಿನ ರೋಧ 40 ಓಮ್ ಎಂದಿಟ್ಟುಕೊಳ್ಳಿ. 1827ರಲ್ಲಿ ಜಾರ್ಜ್ ಓಮ್ ಪ್ರಕಟಿಸಿದ ನಿಯಮದಂತೆ 24 ವೋಲ್ಟಿಗೆ ಅದರಲ್ಲಿ 0.6 ಆಂಪಿಯರ್ ಹರಿಯಬೇಕು. ಅರ್ತಿನ, ಅಂದರೆ ಬ್ಯಾಟರಿಯ ನೆಗೆಟಿವ್‌ಗೆ ಹಿಂತಿರುಗುವ ದಾರಿಯ, ಪಿನ್ನಿಗೆ ಕಿಲುಬು ಹಿಡಿದು 10 ಓಮ್ ಸೇರಿಕೊಂಡರೆ ಪ್ರವಾಹ 0.48ಕ್ಕೆ ಇಳಿಯುತ್ತದೆ, ಸುರುಳಿಗೆ ಸಿಗುವುದು 19.2 ವೋಲ್ಟ್ ಮಾತ್ರ. ಬೆಳಗಿನ ತಂಪಿನಲ್ಲಿ ಅಷ್ಟಕ್ಕೇ ವಾಲ್ವು ಎಳೆದುಕೊಳ್ಳಬಹುದು, ಯಂತ್ರ ಕೆಲಸ ಮಾಡಬಹುದು. ಆದರೆ ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡ ಏರುತ್ತದೆ. 20 ಡಿಗ್ರಿಯಲ್ಲಿ 40 ಓಮ್ ಇದ್ದ ಸುರುಳಿ, ಎಣ್ಣೆ ಕಾದು 80 ಡಿಗ್ರಿ ಮುಟ್ಟಿದಾಗ ಸುಮಾರು 49 ಓಮ್ ಆಗಿರುತ್ತದೆ. ಆಗ ಒಟ್ಟು ರೋಧ 59 ಓಮ್, ಪ್ರವಾಹ 0.4 ಆಂಪಿಯರ್, ಅಂದರೆ ಇರಬೇಕಾದದ್ದರ ಮೂರನೆಯ ಎರಡು ಭಾಗ. ವಾಲ್ವು ಕೈಬಿಡುತ್ತದೆ. ಬೆಳಿಗ್ಗೆ ಚೆನ್ನಾಗಿತ್ತು, ಊಟದ ಹೊತ್ತಿಗೆ ನಿಂತಿತು, ಸಂಜೆ ಮೆಕ್ಯಾನಿಕ್ ಬಂದಾಗ ಮತ್ತೆ ಓಡಿತು ಎಂಬ ದೂರಿನ ಹಿಂದೆ ಎಷ್ಟೋ ಬಾರಿ ಇರುವುದು ಈ ಸರಳ ಭಾಗಾಕಾರವೇ. ಕಾದ ಎಣ್ಣೆ ತೆಳುವಾಗಿ ಪಂಪು ಸೋರುತ್ತಿದೆ ಎಂಬ ವಿವರಣೆಯೂ ಇದೇ ಲಕ್ಷಣಕ್ಕೆ ಹೊಂದುವುದರಿಂದ ಪಂಪಿನ ಮೇಲೆ ಆರೋಪ ಬೀಳುತ್ತದೆ.

ಪ್ರೊಪೋರ್ಷನಲ್ ವಾಲ್ವಿನಲ್ಲಿ ಇದು ಇನ್ನೂ ಜಾಣತನದಿಂದ ಅಡಗಿಕೊಳ್ಳುತ್ತದೆ. ಅಲ್ಲಿ ಕಂಟ್ರೋಲರು ವಿದ್ಯುತ್ತನ್ನು ಸೆಕೆಂಡಿಗೆ ನೂರಾರು ಬಾರಿ ಬಿಟ್ಟು ಹಿಡಿದು ಸರಾಸರಿ ಪ್ರವಾಹವನ್ನು ಬೇಕಾದಷ್ಟಕ್ಕೆ ನಿಲ್ಲಿಸುತ್ತದೆ, ಮತ್ತು ದಾರಿಯಲ್ಲಿ ರೋಧ ಹೆಚ್ಚಿದರೆ ಬಿಡುವ ಕಾಲವನ್ನು ತಾನೇ ಹಿಗ್ಗಿಸಿಕೊಳ್ಳುತ್ತದೆ. 18 ಓಮಿನ ಸುರುಳಿಗೆ 0.7 ಆಂಪಿಯರ್ ಹರಿಸಲು 12.6 ವೋಲ್ಟ್ ಸಾಕು. ಕೈಯಲ್ಲಿ 24 ವೋಲ್ಟ್ ಇರುವುದರಿಂದ ಹಾಳಾದ ಕನೆಕ್ಟರಿನ ಹತ್ತು ಹನ್ನೆರಡು ಓಮನ್ನು ಕಂಟ್ರೋಲರು ಸದ್ದಿಲ್ಲದೆ ನುಂಗಿಕೊಂಡು ನಡೆಸುತ್ತದೆ. ಕ್ಯಾಬಿನ್ನಿನ ಪರದೆಯ ಮೇಲೆ ದೋಷ ತಿಳಿಸುವ ಯಾವ ಕೋಡೂ ಇರುವುದಿಲ್ಲ. ಸುರುಳಿಯೂ ಕಾದು, ಕನೆಕ್ಟರೂ ಇನ್ನಷ್ಟು ಕೆಟ್ಟು, ಹಿಗ್ಗಿಸಲು ಜಾಗವೇ ಉಳಿಯದಾದ ದಿನ ದೋಷ ಒಮ್ಮೆಲೇ ಪ್ರಕಟವಾಗುತ್ತದೆ. ಅಂಕಿಗಳನ್ನು ಉದಾಹರಣೆಗಾಗಿ ಹಿಡಿದಿದ್ದೇನೆ. ತಮ್ಮ ಯಂತ್ರದ ಸುರುಳಿಯ ರೋಧ ಬೇರೆ ಇರಬಹುದು, ಅದಕ್ಕೆ ಮ್ಯಾನ್ಯುಯಲ್ಲೇ ಪ್ರಮಾಣ.

ಆದ್ದರಿಂದ ಸರಿಯಾದ ಪರೀಕ್ಷೆ ವೋಲ್ಟೇಜ್ ನಷ್ಟದ ಪರೀಕ್ಷೆ. ಸೊಲೆನಾಯ್ಡು ಜೋಡಿಸಿಯೇ ಇರಬೇಕು, ಕೆಲಸ ಮಾಡುತ್ತಿರಬೇಕು. ಮೀಟರಿನ ಕಪ್ಪು ಲೀಡನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಕೆಂಪು ಲೀಡನ್ನು ಸೊಲೆನಾಯ್ಡಿನ ಅರ್ತ್ ತಂತಿಗೂ ಕನೆಕ್ಟರಿನ ಹಿಂಬದಿಯಿಂದ ಮುಟ್ಟಿಸಬೇಕು. ಆರೋಗ್ಯವಾಗಿರುವ ದಾರಿಯಲ್ಲಿ ಅದು 0.2 ವೋಲ್ಟಿನೊಳಗೆ ಇರುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು 4.8 ವೋಲ್ಟ್ ತೋರಿಸುತ್ತಿತ್ತು, ಯಾವ ಅನುಮಾನಕ್ಕೂ ಎಡೆಯಿರುತ್ತಿರಲಿಲ್ಲ. ಪಾಸಿಟಿವ್ ಕಡೆಗೂ ಹೀಗೆಯೇ ಫ್ಯೂಸಿನಿಂದ ರಿಲೇಗೆ, ರಿಲೇಯಿಂದ ಕನೆಕ್ಟರಿಗೆ ಹಂತ ಹಂತವಾಗಿ ನಡೆಯಬಹುದು. ಸಾಧಾರಣ ಸೊಲೆನಾಯ್ಡಿನ ಕನೆಕ್ಟರನ್ನು ಕಳಚಿಯೇ ಪರೀಕ್ಷಿಸಬೇಕಾಗಿ ಬಂದರೆ ಅದರ ಜಾಗದಲ್ಲಿ 24 ವೋಲ್ಟಿನ 21 ವ್ಯಾಟ್ ಇಂಡಿಕೇಟರ್ ಬಲ್ಬನ್ನು ಜೋಡಿಸಿ. ಅದು ಸುಮಾರು 0.9 ಆಂಪಿಯರ್ ಎಳೆಯುತ್ತದೆ, ಪ್ರಕಾಶವಾಗಿ ಉರಿದರೆ ಮಾತ್ರ ದಾರಿ ಸರಿಯೆಂದು ಒಪ್ಪಬಹುದು. ಈ ಬಲ್ಬನ್ನು ಕಂಟ್ರೋಲರಿನ ಪಿನ್ನಿಗೆ ನೇರವಾಗಿ ಜೋಡಿಸಬಾರದು, ಒಳಗಿನ ಟ್ರಾನ್ಸಿಸ್ಟರು ಅಷ್ಟನ್ನು ತಡೆಯದಿರಬಹುದು. 1902ರಲ್ಲಿ ಇದೇ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಕಳುಹಿಸಿದವರು ತಂತಿಯಲ್ಲಾಗುವ ನಷ್ಟ ತಗ್ಗಿಸಲು ವೋಲ್ಟೇಜನ್ನು ಸಾವಿರಗಳ ಲೆಕ್ಕಕ್ಕೆ ಏರಿಸಿದರು. ನಮ್ಮ ಕೈಯಲ್ಲಿರುವುದು 24 ಮಾತ್ರ, ಅದರಲ್ಲಿ ಐದು ವೋಲ್ಟ್ ಕಳೆದುಕೊಳ್ಳುವುದು ಐದನೆಯ ಒಂದು ಭಾಗ ಕಳೆದುಕೊಂಡಂತೆ.

ಅರ್ತಿನ ಬಗ್ಗೆ ಮತ್ತೊಂದು ಮಾತು. ಬ್ಯಾಟರಿಯಿಂದ ಚಾಸಿಗೆ ಬರುವ ಕೇಬಲ್ಲಿನ ಬೋಲ್ಟಿನ ಕೆಳಗೆ ಪೇಂಟು ಬಳಿದಿರುವುದನ್ನು, ತುಕ್ಕು ಹಿಡಿದಿರುವುದನ್ನು ಯಾರೂ ನೋಡುವುದಿಲ್ಲ. ಬಕೆಟ್ಟಿಗೋ ಬೂಮಿಗೋ ವೆಲ್ಡಿಂಗ್ ಮಾಡಿಸಿದ ಮರುದಿನ ಎಲೆಕ್ಟ್ರಿಕಲ್ ದೋಷ ಕಾಣಿಸಿಕೊಂಡರೆ ಅದು ಕಾಕತಾಳೀಯವಲ್ಲದಿರಬಹುದು. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ, ಕಂಟ್ರೋಲರುಗಳ ಕನೆಕ್ಟರು ಬಿಡಿಸಿ, ವೆಲ್ಡಿಂಗಿನ ಅರ್ತ್ ಕ್ಲಾಂಪನ್ನು ಬೆಸುಗೆ ಹಾಕುವ ಜಾಗಕ್ಕೆ ಆದಷ್ಟು ಹತ್ತಿರ ಹಿಡಿಸಬೇಕು. ಸ್ವಿಂಗ್ ಬೇರಿಂಗಿನ ಮೂಲಕ ಆ ಪ್ರವಾಹ ಹಾಯುವಂತೆ ಎಂದಿಗೂ ಮಾಡಬಾರದು.

ಸೆನ್ಸರುಗಳ ವಿಷಯ ಇಷ್ಟು ಜಟಿಲವಲ್ಲ. ಒತ್ತಡದ ಸೆನ್ಸರುಗಳಲ್ಲಿ ಸಾಮಾನ್ಯವಾದ ಬಗೆಗೆ ಮೂರು ತಂತಿಗಳು: ಕಂಟ್ರೋಲರಿನಿಂದ ಬರುವ 5 ವೋಲ್ಟ್, ಅದರ ಹಿಂತಿರುಗುವ ತಂತಿ, ಮತ್ತು ಒತ್ತಡಕ್ಕೆ ತಕ್ಕಂತೆ 0.5ರಿಂದ 4.5 ವೋಲ್ಟಿನ ನಡುವೆ ಬದಲಾಗುವ ಸಂಕೇತ. ಸೊನ್ನೆಗೆ ಇಳಿದರೂ ಐದಕ್ಕೆ ಏರಿದರೂ ಅದು ಒತ್ತಡವಲ್ಲ, ತಂತಿಯ ದೋಷ ಎಂದು ಕಂಟ್ರೋಲರು ತಿಳಿಯಲೆಂದೇ ಎರಡೂ ತುದಿಗೆ ಅರ್ಧ ಅರ್ಧ ವೋಲ್ಟ್ ಬಿಟ್ಟಿರುತ್ತಾರೆ. ಹಲವು ಸೆನ್ಸರುಗಳಿಗೆ ಆ 5 ವೋಲ್ಟ್ ಒಂದೇ ಮೂಲದಿಂದ ಹಂಚಿಕೆಯಾಗಿರುವುದರಿಂದ ಒಂದರೊಳಗೆ ಶಾರ್ಟ್ ಆದರೆ ಎಲ್ಲವೂ ಒಟ್ಟಿಗೆ ಕುಸಿದು ಪರದೆಯ ತುಂಬ ಕೋಡುಗಳು ಸುರಿಯುತ್ತವೆ. ಆಗ ಕಂಟ್ರೋಲರು ಸುಟ್ಟಿದೆ ಎಂದು ನಿರ್ಧರಿಸುವ ಮೊದಲು ಸೆನ್ಸರುಗಳ ಕನೆಕ್ಟರನ್ನು ಒಂದೊಂದಾಗಿ ಕಳಚುತ್ತ 5 ವೋಲ್ಟನ್ನು ಗಮನಿಸಿ. ಯಾವುದನ್ನು ಕಳಚಿದಾಗ ಅದು ಹಿಂತಿರುಗುತ್ತದೆಯೋ ದೋಷ ಅದರಲ್ಲಿದೆ.

ಕೋಡಿನ ಬಗ್ಗೆಯೂ ತಪ್ಪು ತಿಳಿವಳಿಕೆ ಬಹಳ. ಕಂಟ್ರೋಲರುಗಳು ಪರಸ್ಪರ ಮಾಹಿತಿ ಹಂಚಿಕೊಳ್ಳುವ ಜೆ1939 ಪದ್ಧತಿಯ ಯಂತ್ರಗಳಲ್ಲಿ ಎಸ್‌ಪಿಎನ್ ಎಂಬ ಸಂಖ್ಯೆ ಯಾವ ಸರ್ಕ್ಯೂಟು ಎಂಬುದನ್ನೂ ಎಫ್‌ಎಂಐ ಎಂಬ ಸಂಖ್ಯೆ ಯಾವ ಬಗೆಯ ದೋಷ ಎಂಬುದನ್ನೂ ಹೇಳುತ್ತದೆ. ಎಫ್‌ಎಂಐ 3 ಎಂದರೆ ವೋಲ್ಟೇಜ್ ಮಿತಿಗಿಂತ ಹೆಚ್ಚು, 4 ಎಂದರೆ ಕಡಿಮೆ, 5 ಎಂದರೆ ಪ್ರವಾಹ ಕಡಿಮೆ ಅಥವಾ ದಾರಿ ತುಂಡಾಗಿದೆ, 6 ಎಂದರೆ ಪ್ರವಾಹ ಹೆಚ್ಚು ಅಥವಾ ಅರ್ತಿಗೆ ತಗಲಿದೆ. ಸೊಲೆನಾಯ್ಡಿನ ಮೇಲೆ 5 ಬಂದರೆ ಸುರುಳಿ, ಎರಡು ತಂತಿ, ನಡುವಿನ ಕನೆಕ್ಟರುಗಳು ಎಲ್ಲವೂ ಶಂಕಿತರೇ. ಸುರುಳಿಯನ್ನು ಬದಲಿಸಿ ಎಂದು ಕಂಟ್ರೋಲರು ಎಲ್ಲಿಯೂ ಹೇಳಿಲ್ಲ. ಹಾಗೆ ಓದಿಕೊಳ್ಳುವವರು ನಾವು. ಒಂದೇ ಬಗೆಯ ಎರಡು ಸೊಲೆನಾಯ್ಡುಗಳಿದ್ದರೆ ಅವನ್ನು ಪರಸ್ಪರ ಬದಲಿಸಿ, ಕೋಡು ಅದರ ಜೊತೆಗೆ ಹೋಯಿತೇ ಅಥವಾ ಇದ್ದಲ್ಲಿಯೇ ಉಳಿಯಿತೇ ಎಂದು ನೋಡಿದರೆ ಹೊಸ ಭಾಗ ಕೊಳ್ಳದೆಯೇ ಉತ್ತರ ಸಿಗುತ್ತದೆ. ಕಂಟ್ರೋಲರುಗಳ ನಡುವಿನ ಸಂಪರ್ಕವೇ ಕಡಿದಿದೆ ಎಂಬ ಕೋಡಿಗೆ, ಕೀ ತೆಗೆದು ಬ್ಯಾಟರಿ ಕಳಚಿದ ಮೇಲೆ ಆ ಸಂಪರ್ಕದ ಕ್ಯಾನ್ ಎಂಬ ತಂತಿಗಳೆರಡರ ನಡುವೆ ಓಮ್ ಅಳೆಯಿರಿ: 60 ಇದ್ದರೆ ಎರಡು ತುದಿಯ 120 ಓಮಿನ ರೋಧಕಗಳೂ ಸಿಗುತ್ತಿವೆ, 120 ಇದ್ದರೆ ಒಂದು ಸಿಗುತ್ತಿಲ್ಲ.

ಬಂದು ಹೋಗುವ ದೋಷಗಳನ್ನು ಹಿಡಿಯಲು ತಾಳ್ಮೆಯಲ್ಲದೆ ಬೇರೆ ಉಪಾಯ ಕಡಿಮೆ. ಹಾರ್ನೆಸ್ಸು ಬೂಮಿನ ಬುಡದಲ್ಲಿ, ಪಂಪಿನ ಕೋಣೆಯಲ್ಲಿ, ಕ್ಯಾಬಿನ್ನಿನ ನೆಲದಡಿಯಲ್ಲಿ ಎಲ್ಲಿ ಬಾಗುತ್ತದೋ ಉಜ್ಜುತ್ತದೋ ಅಲ್ಲಿ ಕೈಯಿಂದ ಅಲುಗಾಡಿಸುತ್ತ ಮೀಟರಿನ ಕನಿಷ್ಠ ಗರಿಷ್ಠ ದಾಖಲೆಯನ್ನು ನೋಡಬೇಕು. ಕಬ್ಬಿನ ಗದ್ದೆಯ ಪಕ್ಕದಲ್ಲಿ ಕೆಲವು ವಾರ ನಿಂತ ಯಂತ್ರವಾದರೆ ಮೊದಲು ಇಲಿ ಕಡಿದಿದೆಯೇ ಎಂದು ನೋಡಿ, ಆಮೇಲೆ ಮ್ಯಾನ್ಯುಯಲ್ ತೆರೆಯಿರಿ. ಪ್ರೆಷರ್ ವಾಷರಿನಿಂದ ತೊಳೆದ ಮರುದಿನದ ದೋಷಕ್ಕೂ ಇದೇ ಕ್ರಮ: ನೀರು ಹೊಕ್ಕ ಕನೆಕ್ಟರನ್ನು ಕಳಚಿ, ಒಣಗಿಸಿ, ಅದರ ರಬ್ಬರ್ ಸೀಲು ಇದೆಯೇ ಎಂದು ಪರಿಶೀಲಿಸಬೇಕು. ಸೀಲಿಲ್ಲದ ಕನೆಕ್ಟರಿಗೆ ಎಷ್ಟು ಗ್ರೀಸು ಮೆತ್ತಿದರೂ ಪ್ರಯೋಜನವಿಲ್ಲ.

ಸಭೆಯಲ್ಲಿ ಆಪರೇಟರೊಬ್ಬರು, ಸೈಟಿನಲ್ಲಿ ಕೆಲಸ ಸಾಗಲೆಂದು ಪಂಪಿನ ವಾಲ್ವಿಗೆ ಬ್ಯಾಟರಿಯಿಂದ ಡೈರೆಕ್ಟ್ ಕೊಡುತ್ತಾರಲ್ಲ ಸಾರ್, ಅದು ಸರಿಯೇ ಎಂದು ಕೇಳಿದರು. ಅದು ಸರಿಯಲ್ಲ. 18 ಓಮಿನ ಸುರುಳಿಗೆ ನೇರವಾಗಿ 24 ವೋಲ್ಟ್ ಕೊಟ್ಟರೆ 1.33 ಆಂಪಿಯರ್ ಹರಿಯುತ್ತದೆ, 0.7 ಆಂಪಿಯರಿನಲ್ಲಿ ಸುಮಾರು 9 ವ್ಯಾಟ್ ಇದ್ದ ಶಾಖ 32 ವ್ಯಾಟಿಗೆ ಏರುತ್ತದೆ, ಅಂದರೆ ಮೂರೂವರೆ ಪಟ್ಟು. ಸುರುಳಿ ಸುಟ್ಟುಹೋಗುವುದಷ್ಟೇ ಅಲ್ಲ, ಆ ತಂತಿಯನ್ನು ಕಂಟ್ರೋಲರಿನಿಂದ ಬೇರ್ಪಡಿಸದೆ ಕೊಟ್ಟಿದ್ದರೆ ಕಂಟ್ರೋಲರಿಗೂ ಹಾನಿಯಾಗಬಹುದು. ಕೆಲವು ಯಂತ್ರಗಳಲ್ಲಿ ಇಂಥ ಸಂದರ್ಭಕ್ಕೆಂದೇ ಕ್ಯಾಬಿನ್ನಿನಲ್ಲಿ ಎಮರ್ಜೆನ್ಸಿ ಸ್ವಿಚ್ಚು ಇರುತ್ತದೆ. ಅದು ರೋಧಕವೊಂದರ ಮೂಲಕ ಮಿತಿಯಾದ ಪ್ರವಾಹವನ್ನು ಕೊಡುತ್ತದೆ. ಅದನ್ನು ಹಾಕಿದಾಗ ಯಂತ್ರ ಸರಿಯಾಗಿ ಕೆಲಸ ಮಾಡಿದರೆ ವಾಲ್ವೂ ಪಂಪೂ ಚೆನ್ನಾಗಿವೆ, ದೋಷ ಕಂಟ್ರೋಲರಿನ ಕಡೆಗೋ ಅದರ ವೈರಿಂಗಿನ ಕಡೆಗೋ ಇದೆ ಎಂಬ ದೊಡ್ಡ ಸುಳಿವೂ ಜೊತೆಯಲ್ಲೇ ಸಿಗುತ್ತದೆ. ಇನ್ನು ಸೇಫ್ಟಿ ಲಾಕಿನ ಸ್ವಿಚ್ಚನ್ನು ಶಾರ್ಟ್ ಮಾಡಿ ಯಂತ್ರ ಓಡಿಸುವುದಂತೂ, ಇಳಿಯುವಾಗ ಅಂಗಿಯ ತೋಳು ಲಿವರಿಗೆ ಸಿಕ್ಕಿಕೊಂಡರೆ ಕೆಳಗೆ ನಿಂತ ಕೂಲಿಯವರ ಪ್ರಾಣಕ್ಕೆ ಬರುವ ಕೆಲಸ.

ಐಟಿಐ ವಿದ್ಯಾರ್ಥಿಯೊಬ್ಬರು, ಕಡಿದ ತಂತಿಯನ್ನು ಬೆಸೆಯುವುದು ಒಳ್ಳೆಯದೋ ಕ್ರಿಂಪ್ ಮಾಡುವುದೋ (ಸ್ಲೀವಿನೊಳಗಿಟ್ಟು ಒತ್ತಿ ಬಿಗಿಯುವುದೋ) ಎಂದು ಕೇಳಿದರು. ಸತತವಾಗಿ ನಡುಗುವ ಯಂತ್ರದಲ್ಲಿ ಬೆಸುಗೆ ತಂತಿಯ ಎಳೆಗಳ ನಡುವೆ ಹರಿದು ಆ ಭಾಗವನ್ನು ಗಟ್ಟಿ ಮಾಡುತ್ತದೆ, ಬೆಸುಗೆ ಮುಗಿಯುವ ಅಂಚಿನಲ್ಲಿ ತಂತಿ ಮುರಿಯುತ್ತದೆ. ಆದ್ದರಿಂದ ತಂತಿಯ ದಪ್ಪಕ್ಕೆ ಸರಿಯಾದ ಸ್ಲೀವು, ಅದಕ್ಕೆ ತಕ್ಕ ಕ್ರಿಂಪಿಂಗ್ ಪ್ಲೈಯರು, ಅದರ ಮೇಲೆ ಒಳಬದಿಗೆ ಅಂಟು ಬಳಿದಿರುವ, ಕಾಸಿದಾಗ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ಟ್ಯೂಬು, ಇಷ್ಟು ಬೇಕು. ಹಲವು ತಂತಿಗಳು ಒಂದೇ ಕಡೆ ಕಡಿದಿದ್ದರೆ ಜೋಡಣೆಗಳನ್ನು ಒಂದರ ಪಕ್ಕ ಒಂದು ಬರದಂತೆ ಹಿಂದೆ ಮುಂದೆ ಮಾಡಿ, ಹಾರ್ನೆಸ್ಸು ಬಾಗುವ ಜಾಗದಿಂದ ದೂರವಿಟ್ಟು, ಮುಗಿದ ಮೇಲೆ ಯಂತ್ರವನ್ನು ಎಣ್ಣೆ ಕಾಯುವವರೆಗೆ ಓಡಿಸಿ, ಆ ಜೋಡಣೆಯ ಎರಡು ಬದಿಯ ನಡುವೆ ವೋಲ್ಟೇಜ್ ನಷ್ಟವನ್ನು ಮತ್ತೊಮ್ಮೆ ಅಳೆಯಬೇಕು.